ಜಾಯಿಂಟ್ ವೀಲಿನ ಕ್ಯೂನಲ್ಲಿ ಯಾರಿದ್ದರು?



ಕಳೆದ ಭಾನುವಾರ ಮಗಳನ್ನು ಕರ್ಕೊಂಡು ಪಕ್ಕದ ತಾಲ್ಲೂಕಿನ ಜಾತ್ರೆಗೆ ಹೋಗಿದ್ದೆ. ಎಂಟನೇ ಕ್ಲಾಸು. ಸ್ಕೂಲಿನ ಕ್ವಿಜ್ ಟೀಮಿನಲ್ಲಿದ್ದಾಳೆ, ಹಾಗಾಗಿ ಕಂಡದ್ದಕ್ಕೆಲ್ಲ ಪ್ರಶ್ನೆ. ಜಾಯಿಂಟ್ ವೀಲಿನ ಕ್ಯೂನಲ್ಲಿ ನಿಂತಿದ್ದಾಗ "ಅಪ್ಪಾ, ಇದನ್ನ ಕಂಡುಹಿಡಿದೋರು ಯಾರು ಗೊತ್ತಾ?" ಅಂದ್ಲು. ನಾನು ಬಾಯಿ ತೆಗೆಯೋ ಮುಂಚೆ ಉತ್ತರಾನೂ ಅವಳೇ ಒಪ್ಪಿಸಿದ್ಲು. ಜಾರ್ಜ್ ಫೆರಿಸ್. 1893. ಚಿಕಾಗೋ ವಿಶ್ವಮೇಳ. 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ, ಟಿಕೆಟ್ 50 ಸೆಂಟು.

ಲೆಕ್ಕ ಎಲ್ಲಾ ಸರಿ. 'ಕಂಡುಹಿಡಿದೋರು' ಅನ್ನೋದೊಂದೇ ಪೂರ್ತಿ ಸರಿಯಲ್ಲ. ಜನ ಕೂತು ತಿರುಗೋ ಮರದ ಚಕ್ರಗಳನ್ನ 17ನೇ ಶತಮಾನದಲ್ಲೇ ಟರ್ಕಿ ಕಡೆ ನೋಡಿದ್ದಾಗಿ ಯುರೋಪಿನ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಫೆರಿಸ್ ಅದನ್ನ ಉಕ್ಕಿನಲ್ಲಿ, ಯಾರೂ ನೋಡದಷ್ಟು ದೊಡ್ಡದಾಗಿ ಕಟ್ಟಿದ.

ಆದರೆ ಕ್ವಿಜ್ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಒಂದಿದೆ. ಆ ಮೇಳದಲ್ಲಿ ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ?

ಚಿಕಾಗೋ ಮೇಳಕ್ಕೆ ಕಪ್ಪು ಜನ ಟಿಕೆಟ್ ಕೊಂಡು ಒಳಗೆ ಹೋಗಬಹುದಿತ್ತು. ಆದರೆ ಮೇಳ ನಡೆಸೋ ಸಮಿತಿಗಳಲ್ಲಿ ಅವರಿಲ್ಲ, ಗುಲಾಮಗಿರಿಯಿಂದ ಎದ್ದು ಬಂದ ಅವರ ಸಾಧನೆಗೆ ಅಲ್ಲಿ ಜಾಗವಿಲ್ಲ. ಕೆಲಸ ಸಿಕ್ಕರೂ ಗುಡಿಸೋದು, ಹೊರೋದು. ಆ ದೊಡ್ಡ ಚಕ್ರ ನಿಂತಿದ್ದ ಬೀದಿಯಲ್ಲೇ ಆಫ್ರಿಕಾದ ದಹೋಮಿಯಿಂದ ಜನರನ್ನ ತಂದು 'ಹಳ್ಳಿ' ಮಾಡಿ ನೋಡೋಕೆ ಇಟ್ಟಿದ್ದರು. ಇದನ್ನ ಕೇಳಿದವರು ಇಡಾ ಬಿ. ವೆಲ್ಸ್ ಮತ್ತು ಗುಲಾಮನಾಗಿ ಹುಟ್ಟಿದ್ದ ಫ್ರೆಡರಿಕ್ ಡಗ್ಲಾಸ್. ಈ ಮೇಳದಲ್ಲಿ ನಾವು ಯಾಕಿಲ್ಲ ಅಂತ ಒಂದು ಕಿರುಪುಸ್ತಕವನ್ನೇ ಅಚ್ಚು ಹಾಕಿಸಿದರು. ಅವರದೇ ದೇಶ ಜಾಗ ಕೊಡದ ಕಾರಣ, ಹೈಟಿ ದೇಶದ ಮಳಿಗೆಯಲ್ಲಿ ನಿಂತು ಬಂದವರಿಗೆ ಹಂಚಿದರು.

ಚಕ್ರ ಇಳಿದ ಮೇಲೆ ಮಗಳು ಡಬ್ಬಾ ಹೊಡೆಯೋ ಅಂಗಡಿಗೆ ಹೋದಳು. ಒಂದರ ಮೇಲೊಂದು ಜೋಡಿಸಿದ ತಗಡಿನ ಡಬ್ಬ, ಕೈಗೆ ಮೂರು ಚೆಂಡು. ಅಲ್ಲಿ ನನಗೆ ಇನ್ನೊಂದು ಆಟ ನೆನಪಾಯ್ತು. ಹೇಳೋಕೆ ಹಿಂಜರಿಕೆ ಆಯ್ತು, ಆದರೂ ಹೇಳಿದೆ. ಅಮೆರಿಕಾದ ಮೇಳಗಳಲ್ಲಿ 19ನೇ ಶತಮಾನದ ಕೊನೆಯಿಂದ ದಶಕಗಳ ಕಾಲ 'ಆಫ್ರಿಕನ್ ಡಾಡ್ಜರ್' ಅಂತ ಒಂದು ಆಟ ಇತ್ತು. ಪರದೆಯಲ್ಲಿ ಒಂದು ತೂತು. ಆ ತೂತಿನಿಂದ ಒಬ್ಬ ಕಪ್ಪು ಮನುಷ್ಯ ತಲೆ ಹೊರಗೆ ಹಾಕಬೇಕು. ಕಾಸು ಕೊಟ್ಟವರು ಅವನ ಮುಖಕ್ಕೆ ಚೆಂಡು ಎಸೀಬೇಕು. ತಾಗಿದರೆ ಬಹುಮಾನ. ಭಾರೀ ಪೆಟ್ಟು ಬಿದ್ದು ಗಾಯಗೊಂಡವರಿದ್ದಾರೆ. ಆಮೇಲೆ ಬಂದದ್ದು, ಗುರಿಗೆ ಚೆಂಡು ಬಿದ್ದರೆ ಮೇಲೆ ಕೂತವನು ನೀರಿನ ತೊಟ್ಟಿಗೆ ಬೀಳೋ ಆಟ. ಅಲ್ಲೂ ಕೂರಿಸಿದ್ದು ಕಪ್ಪು ಮನುಷ್ಯನನ್ನೇ. ಚಿಕಾಗೋದ ರಿವರ್‌ವ್ಯೂ ಪಾರ್ಕಿನಲ್ಲಿ ಇದು 1950ರ ದಶಕದವರೆಗೂ ನಡೀತು. ಇವತ್ತು ಅದೇ ಆಟದಲ್ಲಿ ಸ್ಕೂಲು ಮೇಷ್ಟ್ರನ್ನ ಕೂರಿಸಿ ನಗ್ತಾರೆ. ಮೊದಲು ಅಲ್ಲಿ ಯಾರು ಕೂತಿದ್ದರು ಅನ್ನೋದು ಯಾರಿಗೂ ನೆನಪಿಲ್ಲ.

ಮಗಳು ಚೆಂಡು ಕೈಯಲ್ಲೇ ಹಿಡ್ಕೊಂಡು ನಿಂತಳು. "ಎಸಿ ಮಗಾ, ಇದು ಬರೀ ಡಬ್ಬ" ಅಂದೆ.

ಅವರು ಸುಮ್ಮನೆ ಇರಲಿಲ್ಲ. 1960ರ ಜೂನ್ 30ರಂದು ವಾಷಿಂಗ್ಟನ್ ಪಕ್ಕದ ಗ್ಲೆನ್ ಎಕೋ ಪಾರ್ಕಿಗೆ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಹೋದರು. ಬಿಳಿಯರಿಗೆ ಮಾತ್ರ ಪ್ರವೇಶ ಇದ್ದ ಜಾಗ. ಬಿಳಿ ಗೆಳೆಯರು ಕೊಂಡುಕೊಟ್ಟ ಟಿಕೆಟ್ ಹಿಡಿದು, ಸುತ್ತೋ ಮರದ ಕುದುರೆಗಳ ಮೇಲೆ ಹತ್ತಿ ಕೂತರು. ಐದು ಜನರ ಬಂಧನ ಆಯ್ತು. ನಿನ್ನದು ಯಾವ ಜನಾಂಗ ಅಂತ ಕಾವಲುಗಾರ ಕೇಳಿದ್ದಕ್ಕೆ, ಅವರ ಪರವಾಗಿ ಮಾತಾಡ್ತಿದ್ದ ಹುಡುಗ ನಂದು ಮನುಷ್ಯ ಜನಾಂಗ ಅಂದ. ಗೆಳೆಯರೇ, ಈ ಪ್ರಶ್ನೆ ನಮಗೇನು ಹೊಸದಾ? 'ನಿಮ್ದು ಯಾವ ಕಡೆ?' ಅಂತ ನಮ್ಮನ್ನೂ ಕೇಳ್ತಾನೇ ಇದಾರಲ್ಲ.

ಅಕ್ಕಪಕ್ಕದ ಬಿಳಿಯರೂ ಜೊತೆಗೆ ಬಂದು ಆ ಬೇಸಿಗೆ ಪೂರ್ತಿ ಗೇಟಿನ ಮುಂದೆ ನಿಂತರು. 1961ರಲ್ಲಿ ಪಾರ್ಕ್ ಎಲ್ಲರಿಗೂ ತೆರೀತು. ಬಂಧಿತರ ಮೇಲಿನ ಶಿಕ್ಷೆಯನ್ನ 1964ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಜಾಗ ಖಾಸಗಿಯದ್ದೇ ಆಗಿದ್ದರೂ ಬಂಧಿಸಿದ ಕಾವಲುಗಾರನಿಗೆ ಸರ್ಕಾರಿ ಅಧಿಕಾರ ಇತ್ತು, ಆದ್ದರಿಂದ ಅದು ಸರ್ಕಾರವೇ ಮಾಡಿದ ತಾರತಮ್ಯ ಅಂತ ಹೇಳ್ತು.

ಬಾಲ್ಟಿಮೋರ್ ಹತ್ತಿರದ ಗ್ವಿನ್ ಓಕ್ ಪಾರ್ಕಿನ ಮುಂದೆ 1955ರಿಂದ ಪ್ರತಿಭಟನೆ ನಡೀತಿತ್ತು. 1963ರ ಜುಲೈ 4, ಅವರ ಸ್ವಾತಂತ್ರ್ಯ ದಿನದಂದೇ ಅಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನ ಬಂಧಿಸಿದರು. ಅದೇ ವರ್ಷ ಆಗಸ್ಟ್ 28ಕ್ಕೆ ಗೇಟು ತೆರೀತು. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರ ಮುಂದೆ ಕನಸಿನ ಮಾತಾಡಿದ ದಿನಾನೂ ಅದೇ. ಆ ದಿನ ಗ್ವಿನ್ ಓಕ್‌ನ ಮರದ ಕುದುರೆ ಏರಿದ ಮೊದಲ ಕಪ್ಪು ಮಗು ಶರೋನ್ ಲ್ಯಾಂಗ್ಲಿ. ಆಗ ಅವಳಿಗೆ ಹನ್ನೊಂದು ತಿಂಗಳು. ಆ ಕುದುರೆಗಳು ಮುಂದೆ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ಗೆ ಬಂದವು.

ಕಿಂಗ್ ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಒಂದು ಮಾತಿದೆ. ಟೀವಿಯಲ್ಲಿ ಜಾಹೀರಾತು ನೋಡಿ 'ಫನ್‌ಟೌನ್'ಗೆ ಹೋಗೋಣ ಅಂತ ಕೇಳೋ ಆರು ವರ್ಷದ ಮಗಳಿಗೆ, ಅಲ್ಲಿಗೆ ನಮ್ಮಂಥವರನ್ನ ಬಿಡಲ್ಲ ಅಂತ ಹೇಳೋಕೆ ಅಪ್ಪನ ನಾಲಿಗೆ ತೊದಲೋದು. ಅದನ್ನ ಓದಿದಾಗ ನನಗೆ ನಮ್ಮಪ್ಪ ಕಣ್ಣಮುಂದೆ ಬಂದು ನಿಂತರು.

ನನಗಾಗ ಒಂಬತ್ತು ವರ್ಷ. ನಮ್ಮೂರ ಜಾತ್ರೆಗೆ ಮರದ ತೊಟ್ಟಿಲು ಬಂದಿತ್ತು, ಕೈಯಲ್ಲಿ ತಿರುಗಿಸೋದು. ತೊಟ್ಟಿಲಿನವನು ಬೇರೆ ಊರಿನವನು, ಅವನಿಗೆ ಯಾರು ಯಾರು ಅಂತ ಗೊತ್ತಿಲ್ಲ. ಗೊತ್ತು ಮಾಡಿಸಿದ್ದು ಊರಿನ ಹುಡುಗರು. "ಮೊದಲು ಊರಿನೋರು ಕೂತ್ಕಳ್ಲಿ, ಕೇರಿಯೋರು ಆಮೇಲೆ." ನಮ್ಮಪ್ಪ "ಆಯ್ತು ಬುದ್ಧಿ" ಅಂದು ಪಕ್ಕಕ್ಕೆ ಸರಿದರು. ನಾಣ್ಯ ನನ್ನ ಅಂಗೈಯಲ್ಲಿ ಬೆವೆತಿತ್ತು. ನಮ್ಮ ಸರದಿ ಬರೋ ಹೊತ್ತಿಗೆ ತೊಟ್ಟಿಲಿನವನು ಗ್ಯಾಸ್‌ಲೈಟ್ ಆರಿಸಿದ. ಅಪ್ಪ ಅದೇ ನಾಣ್ಯಕ್ಕೆ ಕಡ್ಲೆಪುರಿ ಕೊಡಿಸಿ, "ತಲೆ ಸುತ್ತುತ್ತೆ ಕಣ್ಲಾ ಮಗ, ಅದ್ರಲ್ಲೇನೈತೆ" ಅಂದರು. ಅವರು ಸಾಯೋವರೆಗೂ ನಿಜವಾದ ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇದನ್ನ ಹೇಳಿದರೆ ನಮ್ಮ ಸಂಗಾತಿಗಳೇ ಕೆಲವರು ಅಂತಾರೆ, ಜಮೀನು ಇಲ್ಲ, ಬ್ಯಾಕ್‌ಲಾಗ್ ಹುದ್ದೆ ತುಂಬ್ತಿಲ್ಲ, ದೌರ್ಜನ್ಯ ನಿಂತಿಲ್ಲ, ಇವನಿಗೆ ತೊಟ್ಟಿಲಿನ ಚಿಂತೆ. ಇನ್ನು ಕೆಲವರು, ಮನುವಾದಿಗಳ ಜಾತ್ರೆಗೆ ನಾವು ಯಾಕೆ ಹೋಗ್ಬೇಕು ಅಂತಾರೆ. ನಾನೂ ತೀರ್ಥಕ್ಕೆ ಕೈ ಒಡ್ಡೋನಲ್ಲ. ಆದರೆ ತೊಟ್ಟಿಲು ನಿಲ್ಲೋದು ಬಹಳ ಕಡೆ ಸರ್ಕಾರಿ ಜಾಗದಲ್ಲಿ. ಮಹಾಡದ ಚೌಡಾರ್ ಕೆರೆಗೆ 1927ರಲ್ಲಿ ಬಾಬಾಸಾಹೇಬರು ಹೋಗಿದ್ದು ಆ ನೀರಿಲ್ಲದೆ ಸಾಯ್ತೀವಿ ಅಂತಲ್ಲ, ನಾವೂ ಮನುಷ್ಯರು ಅಂತ ತೋರಿಸೋಕೆ. ತೊಟ್ಟಿಲಿಗೂ ಇದೇ ಮಾತು. ಸಂಕಟದಲ್ಲಿ ಮಾತ್ರ ನಮಗೆ ಪಾಲು, ಸಂತೋಷದಲ್ಲಿ ಬೇಡ ಅಂದರೆ ಅದು ಸಮಾನತೆ ಅಲ್ಲ.

ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಜೊತೆಗೆ 'ಸಾರ್ವಜನಿಕ ಮನರಂಜನಾ ಸ್ಥಳ' ಅಂತ ಬಿಡಿಸಿ ಬರೆದಿದೆ. ಅಮೆರಿಕಾದಲ್ಲಿ ದೇಶಕ್ಕೆಲ್ಲ ಅನ್ವಯಿಸೋ ಇಂಥ ಕಾನೂನು ಗಟ್ಟಿಯಾಗಿ ನಿಂತದ್ದು 1964ರಲ್ಲಿ. ನಮಗೆ 1950ರಲ್ಲೇ ಇತ್ತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ 'ಜಾತ್ರಾ' ಅನ್ನೋ ಪದವೇ ಇದೆ. 'ಆಮೇಲೆ ಬನ್ನಿ' ಅನ್ನೋದು ಕೂಡ ಅಸ್ಪೃಶ್ಯತೆಯೇ.

ನಾನು ಗುಮಾಸ್ತ, ಕಾಗದದ ಬೆಲೆ ಗೊತ್ತು. ಅದಕ್ಕೇ ಒಂದು ವಿನಂತಿ. ನಿಮ್ಮೂರ ಜಾತ್ರೆಗೆ ಹದಿನೈದು ದಿನ ಮುಂಚೆ ತಹಶೀಲ್ದಾರರಿಗೆ, ಪಂಚಾಯ್ತಿಗೆ, ಠಾಣೆಗೆ ಒಂದು ಮನವಿ ಕೊಡಿ. ಆಟದ ಅಂಗಡಿಗಳಿಗೆ ಅನುಮತಿ ಕೊಡುವಾಗ ಜಾತಿ ತಾರತಮ್ಯ ಮಾಡಬಾರದು ಅಂತ ಷರತ್ತು ಹಾಕಲಿ, ಟಿಕೆಟ್ ಕೌಂಟರಿನಲ್ಲಿ ಬೋರ್ಡು ಬರೆಸಲಿ. ಬಾಯಲ್ಲಿ ಹೇಳಿ ಬರಬೇಡಿ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು, ನಂಬರು ಹಾಕಿಸ್ಕೊಳ್ಳಿ. ಆಮೇಲೆ ಮಕ್ಕಳನ್ನ ಕರ್ಕೊಂಡು ಹೋಗಿ ಕ್ಯೂನಲ್ಲಿ ಮುಂದೆ ನಿಲ್ಲಿ.

ಮನೆಗೆ ಬರೋ ಬಸ್ಸಲ್ಲಿ ಮಗಳು ಕೇಳಿದ್ಲು, "ಅಪ್ಪಾ, ನೀನು ಮೊದಲನೇ ಸಲ ಜಾಯಿಂಟ್ ವೀಲಲ್ಲಿ ಕೂತಿದ್ದು ಯಾವಾಗ?"

"ಇವತ್ತೇ ಕಣಮ್ಮ" ಅಂದೆ. ಯಾಕೆ ಅಂತಲೂ ಹೇಳಿದೆ. ನಮ್ಮಪ್ಪನ ಹಾಗೆ ತಲೆ ಸುತ್ತುತ್ತೆ ಅನ್ನಲಿಲ್ಲ.

ನಿಮ್ಮೂರಲ್ಲಿ ಹೇಗಿದೆ, ಬರೀರಿ.

ಜೈಭೀಮ್.