ಮೊದಲ ಕೈಕೆಲಸಕ್ಕೆ ಹಳೆಯ ಸೈಕಲ್ಲು

ಕೈಕೆಲಸದ ಮೂಲಕ ವಿದ್ಯೆ ಎಂಬ ತತ್ತ್ವವನ್ನು 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿಯವರು ದೇಶದ ಮುಂದಿಟ್ಟಂದಿನಿಂದ ಅದನ್ನು ತತ್ತ್ವವಾಗಿ ಒಪ್ಪಿಕೊಂಡವರು ನಮ್ಮಲ್ಲಿ ಬಹುಮಂದಿ. ಆದರೆ ಹದಿನಾಲ್ಕು ಹದಿನೈದು ವರ್ಷದ ಹುಡುಗನಾಗಲಿ ಹುಡುಗಿಯಾಗಲಿ, ಹಿರಿಯರ ಹಸ್ತಕ್ಷೇಪವಿಲ್ಲದೆ, ಆದಿಯಿಂದ ಅಂತ್ಯದವರೆಗೆ ಸ್ವತಂತ್ರವಾಗಿ ನಿರ್ವಹಿಸಬಹುದಾದ ಮೊದಲ ಕೆಲಸ ಯಾವುದೆಂದು ಕೇಳಿದರೆ ನಿಶ್ಚಿತವಾದ ಉತ್ತರ ದೊರೆಯುವುದು ಅಪರೂಪ. ಮನೆಯ ಹಿತ್ತಿಲಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ, ಗಾಳಿಯಿಳಿದು, ಚೈನು ತುಕ್ಕು ಹಿಡಿದು, ಗೋಡೆಗೊರಗಿ ನಿಂತಿರುವ ಹಳೆಯ ಸೈಕಲ್ಲೇ ಆ ಕೆಲಸಕ್ಕೆ ಸರ್ವಥಾ ಯೋಗ್ಯವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗಿನ ಯಂತ್ರಗಳಲ್ಲಿ ಬಹುಪಾಲು ತಮ್ಮ ಅಂತರಂಗವನ್ನು ಮುಚ್ಚಿಟ್ಟುಕೊಂಡಿರತಕ್ಕವು. ಕೆಟ್ಟರೆ ಏಕೆ ಕೆಟ್ಟವೆಂಬುದು ಬಳಸುವವನಿಗೆ ತಿಳಿಯದು. ಸೈಕಲ್ಲಿನಲ್ಲಾದರೋ ಕಾಲಿನ ಬಲವು ಪೆಡಲಿನಿಂದ ಚೈನಿಗೆ, ಚೈನಿನಿಂದ ಹಿಂದಿನ ಚಕ್ರಕ್ಕೆ ಸಾಗುವ ದಾರಿಯೆಲ್ಲವೂ ಬಯಲಿನಲ್ಲಿದೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಮೆ ಸಮಗಾತ್ರದ ಎರಡು ಚಕ್ರಗಳನ್ನೂ ಹಿಂಚಕ್ರವನ್ನು ನಡೆಸುವ ಚೈನನ್ನೂ ಕೂಡಿಸಿ ರೂಪಿಸಿದ ವಿನ್ಯಾಸವು ಮೂಲದಲ್ಲಿ ಇಂದಿಗೂ ಬದಲಾಗಿಲ್ಲ. 1951ರಲ್ಲಿ ಸೋನಿಪತ್ತಿನಲ್ಲಿ ಆರಂಭವಾದ ಅಟ್ಲಾಸ್ ಸೈಕಲ್ ಸಂಸ್ಥೆಯು ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸವನ್ನು 2020ರ ಜೂನ್ 3ರಂದು, ಅಂದರೆ ವಿಶ್ವ ಬೈಸಿಕಲ್ ದಿನದಂದೇ, ನಿಲ್ಲಿಸಿತು. ಹಾಗಾದರೂ ಅದರ ಸೈಕಲ್ಲಿಗೆ ಹೊಂದುವ ಕಾಟರ್ ಪಿನ್ನೂ ಬ್ರೇಕಿನ ರಬ್ಬರೂ ಇಪ್ಪತ್ತೆಂಟು ಇಂಚಿನ ಟೈರೂ ನಮ್ಮ ಸಣ್ಣ ಊರುಗಳ ಸೈಕಲ್ ಶಾಪುಗಳಲ್ಲಿ ಇನ್ನೂ ದೊರೆಯುತ್ತವೆ. ಮಾಡಿದವರು ಮರೆಯಾದ ಮೇಲೂ ದುರಸ್ತಿಗೆ ಒದಗುವ ಯಂತ್ರ ನಮ್ಮ ಮನೆಗಳಲ್ಲಿ ಮತ್ತೊಂದು ಯಾವುದುಂಟು?

ಹಿಂದಿನ ಚಕ್ರವನ್ನು ಬಿಚ್ಚುವ ಪ್ರಸಂಗವನ್ನೇ ತೆಗೆದುಕೊಳ್ಳೋಣ. ನಟ್ಟು ಸಡಿಲಿಸಿ, ಚೈನನ್ನು ಜಾರಿಸಿ, ಚಕ್ರವನ್ನು ಹೊರತೆಗೆದು, ಆಕ್ಸಲಿನ ಮೇಲಿನ ಕೋನನ್ನು ತಿರುಗಿಸಿ ತೆಗೆದೊಡನೆ, ವರ್ಷಾನುವರ್ಷದ ಧೂಳು ಬೆರೆತು ಕಪ್ಪಾದ ಗ್ರೀಸಿನಲ್ಲಿ ಹುದುಗಿದ್ದ ಕಾಲಿಂಚಿನ ಉಕ್ಕಿನ ಗುಂಡುಗಳು, ಪಕ್ಕಕ್ಕೆ ಒಂಬತ್ತರಂತೆ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಉದುರುತ್ತವೆ. ಸೀಮೆಎಣ್ಣೆ ಸಿಗದ ಈ ದಿನಗಳಲ್ಲಿ ಡೀಸೆಲ್ಲಿನಲ್ಲಿಯಾದರೂ ಅವನ್ನು ತೊಳೆದು ಬೆಳಕಿಗೆ ಹಿಡಿದರೆ, ಯಾವುದರ ಮೈ ಇನ್ನೂ ನುಣುಪಾಗಿದೆ, ಯಾವುದು ಸವೆದು ಕಚ್ಚುಬಿದ್ದಿದೆ ಎಂಬುದು ಮೊದಲ ಬಾರಿಗೆ ನೋಡುವ ಕಣ್ಣಿಗೂ ಸ್ಪಷ್ಟ. ಒಂದೆರಡು ಸವೆದಿದ್ದರೂ ಎಲ್ಲವನ್ನೂ ಬದಲಿಸುವುದೇ ಕ್ರಮ. ಹಳೆಯವೂ ಹೊಸವೂ ಬೆರೆತರೆ ಭಾರವೆಲ್ಲ ಹೊಸವುಗಳ ಮೇಲೆಯೇ ಬೀಳುತ್ತದೆ. ಅನಂತರ ಹೊಸ ಗ್ರೀಸು ತುಂಬಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಕೋನನ್ನು ಮರಳಿ ಬಿಗಿಯುವಾಗಲೇ ನಿಜವಾದ ಪರೀಕ್ಷೆ: ಬಿಗಿ ಹೆಚ್ಚಾದರೆ ಚಕ್ರ ಅರೆಯುತ್ತದೆ, ಕಡಮೆಯಾದರೆ ಓಲಾಡುತ್ತದೆ. ಇವೆರಡರ ನಡುವಣ ಹದ ಸಿಕ್ಕಿತೆಂಬುದಕ್ಕೆ ಬಲ್ಲವರು ನೋಡುವ ಗುರುತೊಂದುಂಟು. ನೆಲದಿಂದ ಎತ್ತಿಹಿಡಿದ ಚಕ್ರವನ್ನು ಹಾಗೆಯೇ ಬಿಟ್ಟರೆ, ಗಾಳಿ ತುಂಬುವ ವಾಲ್ವಿನ ಅಲ್ಪ ಭಾರದಿಂದಲೇ ಅದು ಮೆಲ್ಲನೆ ತಿರುಗಿ, ವಾಲ್ವು ಕೆಳಗೆ ಬಂದಾಗ ನಿಲ್ಲಬೇಕು. ಈ ನಿರ್ಣಯವನ್ನು ಕೊಡುವುದಕ್ಕೆ ಉಪಾಧ್ಯಾಯರೂ ಬೇಡ, ಅಂಕಪಟ್ಟಿಯೂ ಬೇಡ, ಚಕ್ರವೇ ಹೇಳುತ್ತದೆ.

ಆದುದರಿಂದಲೇ ಹಿರಿಯರಲ್ಲಿ ನನ್ನದೊಂದು ಆಗ್ರಹಪೂರ್ವಕವಾದ ಪ್ರಾರ್ಥನೆ: ಕೇಳದೆ ಕೈಹಾಕಬೇಡಿ. ಎಡಪೆಡಲಿನ ತಿರುಪು ಬಲಪೆಡಲಿನದಕ್ಕೆ ವಿರುದ್ಧ ದಿಕ್ಕಿನದೆಂಬುದನ್ನು ತಿಳಿಯದೆ ಮಗು ಸ್ಪ್ಯಾನರಿನೊಡನೆ ಹೆಣಗುತ್ತಿದ್ದರೆ, ನೀವು ಹೋಗಿ ಕ್ಷಣಾರ್ಧದಲ್ಲಿ ಬಿಚ್ಚಿಕೊಟ್ಟು ಉಪಕಾರ ಮಾಡಿದಂತಾಗದು. ತುಳಿಯುತ್ತಿರುವಾಗ ಪೆಡಲು ತಾನಾಗಿಯೇ ಸಡಿಲವಾಗದಿರಲೆಂದು ಹಾಗೆ ಮಾಡಿದ್ದಾರೆಂದು ತಾನೇ ಕಂಡುಕೊಳ್ಳುವ ಹಕ್ಕು ಆ ಮಗುವಿನದು. ತಿಳಿಯದಾದರೆ ಬೀದಿಯ ಸೈಕಲ್ ಶಾಪಿನವರನ್ನು ಕೇಳಿ ಬರಲಿ. ಆ ಅಂಗಡಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಓವರಾಯ್ಲಿಂಗ್ ನೋಡುವುದೂ ಒಂದು ವಿದ್ಯಾಭ್ಯಾಸವೇ. ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಈ ಸ್ವಾತಂತ್ರ್ಯಕ್ಕೆ ಮಿತಿ ಹಾಕುವೆನು: ರಸ್ತೆಗಿಳಿಯುವ ಮುನ್ನ ಅನುಭವಸ್ಥರೊಬ್ಬರು ಹಿಡಿದು ನೋಡಲೇಬೇಕು.

ಇನ್ನು ಅಲಂಕಾರ. ಹಬ್ಬಿಗೆ ಸುತ್ತುವ ಬಣ್ಣದ ಕುಚ್ಚು, ಕಡ್ಡಿಗಳಿಗೆ ಪೋಣಿಸುವ ಮಣಿ, ಚೈನ್ ಕವರಿನ ಮೇಲೆ ಬರೆಸಿದ ಹೆಸರು ಇವೆಲ್ಲ ನಮ್ಮ ಜನರ ರಸಿಕತೆಯ ಕುರುಹುಗಳು. ಅವನ್ನು ಹಳಿಯುವವರ ಪಂಕ್ತಿಯಲ್ಲಿ ನಾನಿಲ್ಲ. ಮುಂದೆ ಬುಟ್ಟಿ ಬೇಕೆಂದರೆ ಇರಲಿ, ಹಾಲಿನ ಕ್ಯಾನು ತೂಗುವಂತೆ ಕ್ಯಾರಿಯರನ್ನು ಅಗಲಮಾಡಿಸಬೇಕೆಂದರೆ ಹಾಗೆಯೇ ಆಗಲಿ; ವಾಹನವು ಏರುವವನ ಶರೀರಕ್ಕೂ ಪ್ರಯೋಜನಕ್ಕೂ ಅನುಗುಣವಾಗುವುದೇ ನ್ಯಾಯ. ಆದರೆ ತುಕ್ಕನ್ನು ಉಜ್ಜಿ ತೆಗೆಯುವ ಶ್ರಮಕ್ಕೆ ಅಂಜಿ ಅದರ ಮೇಲೆಯೇ ಹೊಳೆಯುವ ಬಣ್ಣ ಸಿಂಪಡಿಸುವುದನ್ನೂ, ಕಪ್ಪು ಮೈಯ ಮೇಲೆ ಹಿಂದಿನ ಕುಶಲಕರ್ಮಿಯು ಕುಂಚದಿಂದೆಳೆದ ಚಿನ್ನದ ಗೆರೆಯನ್ನು ಅಳಿಸಿಬಿಡುವುದನ್ನೂ ನಾನು ಒಪ್ಪಲಾರೆ. ಆ ಗೆರೆಯನ್ನೆಳೆದವನೂ ಒಮ್ಮೆ ಮೊದಲ ಬಾರಿಗೆ ಕುಂಚ ಹಿಡಿದವನೇ.

2006–07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ದೂರದ ಪ್ರೌಢಶಾಲೆಗೆ ನಡೆದು ಹೋಗಬೇಕಾಗಿದ್ದ ಹೆಣ್ಣುಮಕ್ಕಳಿಗೆ ಅದರಿಂದಾದ ಅನುಕೂಲವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಸೈಕಲ್ಲಿನೊಡನೆ ಅದನ್ನು ಸರಿಪಡಿಸಿಕೊಳ್ಳುವ ತಿಳಿವಳಿಕೆಯನ್ನೂ ಕೊಡಬೇಕಾಗಿತ್ತೆಂಬುದೇ ನನ್ನ ಆಕ್ಷೇಪ. ಹಳ್ಳಿಗಳ ಹಿತ್ತಿಲುಗಳಲ್ಲಿ ಆ ಸೈಕಲ್ಲುಗಳು ಸಣ್ಣಪುಟ್ಟ ಕಾರಣಗಳಿಗಾಗಿ ಮೂಲೆಗೆ ಬಿದ್ದಿರುವುದನ್ನು ಯಾರು ಬೇಕಾದರೂ ಕಾಣಬಹುದು. ಪ್ರತಿಯೊಂದು ಪ್ರೌಢಶಾಲೆಯಲ್ಲಿ ಒಂದು ಜೊತೆ ಸ್ಪ್ಯಾನರು, ಕಡ್ಡಿ ಬಿಗಿಯುವ ಕೀಲಿ, ಪಂಕ್ಚರಿನ ಸಾಮಾನು, ಒಂದು ಪಂಪು, ಒಂದು ಡಬ್ಬಿ ಗ್ರೀಸು ಇಟ್ಟು, ಶನಿವಾರದ ತರಗತಿ ಮುಗಿದ ಮೇಲೆ ಮಕ್ಕಳು ತಮ್ಮ ಮನೆಯ ಹಳೆಯ ಸೈಕಲ್ಲನ್ನು ತಂದು ಬಿಚ್ಚಲು ಜಗಲಿಯನ್ನು ಬಿಟ್ಟುಕೊಡಲಿ. ಇದಕ್ಕೆ ಹೊಸ ಶಾಸನವೂ ದೊಡ್ಡ ಅನುದಾನವೂ ಬೇಕಾಗಿಲ್ಲ. ಊರಿನವರೇ ಸೇರಿ ಕೂಡುವ ಶಾಲಾಭಿವೃದ್ಧಿ ಸಮಿತಿಯ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ಕೆಲಸವಿದು, ಮತ್ತು ಈ ವರ್ಷವೇ ಆಗಬೇಕಾದ ಕೆಲಸ.