ಮೊಬೈಲಿನ ಗುಂಪು, ಮನೆಬಾಗಿಲಿನ ಸಂಘ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವ ಮುಗಿದೊಡನೆ ಕ್ಷಮಾವಣಿಯ ದಿನ ಬರುತ್ತದೆ. ಆ ದಿನ ಬೆಳಗಾಗುತ್ತಲೇ ಶ್ರಾವಕರ ಮೊಬೈಲುಗಳು ಕ್ಷಮಾಯಾಚನೆಯ ಸಂದೇಶಗಳಿಂದ ತುಂಬಿಹೋಗುತ್ತವೆ. ಹೂವಿನ ಚಿತ್ರ, ಮುಗಿದ ಕೈಗಳು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಬೇಕೆಂಬ ಕೋರಿಕೆ. ಒಂದೇ ಸಲಕ್ಕೆ ನೂರಾರು ಮಂದಿಗೆ ತಲುಪುವ ಆ ಸಂದೇಶದಲ್ಲಿ ನೋಯಿಸಿದ್ದು ಯಾರನ್ನು, ಯಾವ ಮಾತಿನಿಂದ ಎಂಬುದು ಇರುವುದಿಲ್ಲ. ಆಸ್ತಿಯ ಜಗಳದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದು, ಇಬ್ಬರೂ ಒಂದೇ ಚಿತ್ರವನ್ನು ಕಳುಹಿಸಿ, ಒಬ್ಬರ ಮನೆಗೆ ಇನ್ನೊಬ್ಬರು ಹೋಗದೆಯೇ ಪರ್ವವನ್ನು ಮುಗಿಸುವುದುಂಟು. ಎಲ್ಲರಲ್ಲಿ ಕೇಳಿದ ಕ್ಷಮೆ ಹೀಗೆ ಯಾರಲ್ಲಿಯೂ ಕೇಳದ ಕ್ಷಮೆಯಾಗುತ್ತದೆ.

ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರಿಂದ ಕೂಡಿದ್ದು ಜಿನಶಾಸನದ ಚತುರ್ವಿಧ ಸಂಘ. ಒಬ್ಬರಿಗೆ ಒಬ್ಬರು ಬೇಕಾಗಿರುವುದೇ ಅದರ ಆಧಾರ. ಜೀವಗಳು ಪರಸ್ಪರ ಉಪಕಾರಿಗಳೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತು, ಅಂಗೈಯನ್ನೇ ಪಾತ್ರೆಯಾಗಿಸಿಕೊಂಡು ಆಹಾರ ಸ್ವೀಕರಿಸುತ್ತಾರೆ. ಶ್ರಾವಕರು ಶುಚಿರ್ಭೂತರಾಗಿ ಬಾಗಿಲಲ್ಲಿ ಕಾದು ನಿಂತು ಅವರನ್ನು ಬರಮಾಡಿಕೊಳ್ಳಬೇಕು. ಪ್ರವಚನವನ್ನು ಯೂಟ್ಯೂಬಿನಲ್ಲಿ ಕೇಳಬಹುದು. ಆಹಾರದಾನವನ್ನು ಅಲ್ಲಿ ಮಾಡಲಾಗದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸಿದ್ದಾರೆ. ಮೊದಲ ನಾಲ್ಕು ಮುಖ್ಯವಾಗಿ ತನ್ನ ಶ್ರದ್ಧೆಯನ್ನು ಕುರಿತವು. ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ, ಪ್ರಭಾವನೆ ಎಂಬ ಉಳಿದ ನಾಲ್ಕಕ್ಕೆ ಎದುರಿನಲ್ಲಿ ಇನ್ನೊಬ್ಬರಿರಬೇಕು. ಇವುಗಳಲ್ಲಿ ಧರ್ಮದ ಮಹಿಮೆಯನ್ನು ಹರಡುವ ಪ್ರಭಾವನೆಗೆ ಇಂದು ಕೊರತೆಯಿಲ್ಲ. 2018ರಲ್ಲಿ ಶ್ರವಣಬೆಳಗೊಳದಲ್ಲಿ ಜರುಗಿದ ಮಹಾಮಸ್ತಕಾಭಿಷೇಕವನ್ನು ದೂರದಲ್ಲಿದ್ದವರೂ ಪರದೆಯ ಮೇಲೆ ಕಂಡು ಕೈಮುಗಿದರು. ಆದರೆ ಉಳಿದ ಮೂರು ಅಂಗಗಳ ಗತಿಯೇನು?

ಸ್ಥಿತೀಕರಣಕ್ಕೆ ವಾರಿಷೇಣ ಮುನಿಗಳ ಕಥೆಯೇ ನಿದರ್ಶನ. ಶ್ರೇಣಿಕ ಮಹಾರಾಜನ ಮಗನಾದ ಅವರು ದೀಕ್ಷೆ ಪಡೆದ ಮೇಲೆ ಅವರ ಗೆಳೆಯನೂ ಮುನಿಯಾದ. ಆದರೆ ಅವನ ಮನಸ್ಸು ಬಿಟ್ಟುಬಂದ ಹೆಂಡತಿಯ ಕಡೆಗೇ ಎಳೆಯುತ್ತಿತ್ತು. ಬಾಯಿಬಿಟ್ಟು ಹೇಳದ ಈ ತಳಮಳವನ್ನು ವಾರಿಷೇಣರು ಅರಿತರು. ಅವನನ್ನು ನಿಂದಿಸದೆ ಅರಮನೆಗೆ ಕರೆದೊಯ್ದು, ತಾವು ತೊರೆದುಬಂದ ಸಕಲ ವೈಭವವನ್ನೂ ಅವನ ಮುಂದಿಟ್ಟರು. ಗೆಳೆಯ ನಾಚಿ ಎಚ್ಚೆತ್ತು ತನ್ನ ವ್ರತದಲ್ಲಿ ನೆಲೆಗೊಂಡ. ಜೊತೆಯಲ್ಲಿ ನಡೆದವರಿಗೆ ಮಾತ್ರ ತಿಳಿಯುವ ಸಂಗತಿಯಿದು. ದಿನವೂ ‘ಜೈ ಜಿನೇಂದ್ರ’ ಎಂದು ಸಂದೇಶ ಕಳುಹಿಸುವ ವೃದ್ಧೆಯೊಬ್ಬರು ಮಂಡಿನೋವಿನಿಂದ ತಿಂಗಳುಗಟ್ಟಲೆ ಬಸದಿಯ ಮೆಟ್ಟಿಲು ಹತ್ತಿಲ್ಲವೆಂಬುದು ಗುಂಪಿನ ಐನೂರು ಸದಸ್ಯರಿಗೆ ಕಾಣಿಸದಿರಬಹುದು. ಪೂಜೆಯಲ್ಲಿ ಪಕ್ಕದ ಮಣೆಯ ಮೇಲೆ ಕುಳಿತುಕೊಳ್ಳುತ್ತಿದ್ದ ಒಬ್ಬಾಕೆಗೆ ಅದು ಮೊದಲ ವಾರವೇ ಕಾಣಿಸುತ್ತದೆ.

ಉಪಗೂಹನದ ಕಥೆ ಜಿನೇಂದ್ರಭಕ್ತನೆಂಬ ಶ್ರೇಷ್ಠಿಯದು. ವ್ರತಿಯ ವೇಷದಲ್ಲಿ ಬಂದ ಕಳ್ಳನೊಬ್ಬ ಅವನ ಜಿನಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದ. ಧರ್ಮಕ್ಕೆ ಅಪವಾದ ಬಾರದಿರಲೆಂದು, ರತ್ನವನ್ನು ತಾನೇ ತರಿಸಿದ್ದೆಂದು ಶ್ರೇಷ್ಠಿ ಜನರಿಗೆ ಹೇಳಿದ. ಬಳಿಕ ಏಕಾಂತದಲ್ಲಿ ಕಳ್ಳನಿಗೆ ಬುದ್ಧಿಹೇಳಿ ಹೊರಗೆ ಕಳುಹಿಸಿದ. ದುರ್ಬಲರನ್ನು ಹಿಂಸಿಸಿದವರ ಅಪರಾಧವನ್ನು ಮುಚ್ಚಿಡಲು ಈ ಕಥೆಯನ್ನು ಆಸರೆಯಾಗಿಸಿಕೊಳ್ಳಬಾರದು, ಅದು ಧರ್ಮವಲ್ಲ. ಆದರೆ ವ್ರತದಲ್ಲಿ ಎಡವಿದ ಯುವಕನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಗುಂಪಿನಲ್ಲಿ ಹರಿಯಬಿಡುವವರು ಅವನ ಮುಂದೆ ಕುಳಿತು ಒಂದು ಮಾತನ್ನೂ ಆಡಿರುವುದಿಲ್ಲ. ಎಡವಿದವನನ್ನು ಎತ್ತಬೇಕಾದ ಸಂಘವೇ ಆಗ ಅವನನ್ನು ದೂರ ತಳ್ಳುತ್ತದೆ.

ಹಾಗೆಂದು ಮೊಬೈಲನ್ನು ಹಳಿಯುವುದು ಅನೇಕಾಂತದೃಷ್ಟಿಗೆ ಒಪ್ಪುವ ಮಾತಲ್ಲ. 2020ರಲ್ಲಿ ಕೊರೊನಾ ಕಾಲದಲ್ಲಿ ಬಸದಿಗಳ ಬಾಗಿಲು ಮುಚ್ಚಿದಾಗ ಪೂಜೆಯನ್ನೂ ಸ್ವಾಧ್ಯಾಯವನ್ನೂ ಮನೆಗಳಿಗೆ ತಲುಪಿಸಿದ್ದು ಅದೇ. ಹಾಸಿಗೆ ಹಿಡಿದ ಹಿರಿಯರಿಗೆ, ಬಸದಿಯಿಲ್ಲದ ಪರದೇಶದಲ್ಲಿ ದುಡಿಯುತ್ತಿರುವ ಮಕ್ಕಳಿಗೆ ಇಂದಿಗೂ ಅದು ಆಸರೆ. ದೂರದಲ್ಲಿರುವವರನ್ನು ಹತ್ತಿರ ತರುವ ಸಾಧನವು, ಹತ್ತಿರದಲ್ಲಿರುವವರು ದೂರ ಉಳಿಯಲು ನೆಪವಾಗಬಾರದು ಎಂಬುದಷ್ಟೇ ಇಲ್ಲಿಯ ವಿವೇಕ.

ವಾತ್ಸಲ್ಯವನ್ನು ಹಸುವಿಗೆ ಕರುವಿನ ಮೇಲಿರುವ ಪ್ರೀತಿಗೆ ಹೋಲಿಸುವುದು ಪರಂಪರೆ. ಕರುವಿನ ಕೂಗು ಕೇಳಿದ ಹಸು ನಿಂತಲ್ಲಿಯೇ ನಿಲ್ಲುವುದಿಲ್ಲ, ಓಡಿ ಬರುತ್ತದೆ. ಸಾವಿನ ಸುದ್ದಿಗೆ ಗುಂಪಿನಲ್ಲಿ ‘ಸದ್ಗತಿ ಪ್ರಾಪ್ತವಾಗಲಿ’ ಎಂಬ ಐವತ್ತು ಸಂದೇಶಗಳು ಬಂದರೂ, ಆ ಸಂಜೆ ಸೂರ್ಯಾಸ್ತಕ್ಕೆ ಮೊದಲು ಆ ಮನೆಯವರಿಗೆ ಒಂದು ತುತ್ತು ಉಣ್ಣಿಸಲು ಒಬ್ಬರಾದರೂ ಹೋಗಬೇಕು. ಸುದ್ದಿಯನ್ನು ಮೊಬೈಲು ತರಲಿ, ಹೋಗಬೇಕಾದದ್ದು ಕಾಲುಗಳು.

ಮುಂದಿನ ಕ್ಷಮಾವಣಿಯಂದು ಚಿತ್ರವನ್ನು ಎಲ್ಲರಿಗೂ ಕಳುಹಿಸುವ ಮೊದಲು ಪ್ರತಿಯೊಬ್ಬ ಶ್ರಾವಕನೂ ಒಂದು ಹೆಸರನ್ನು ನೆನೆಯಲಿ. ನೆನೆದೊಡನೆ ಮನಸ್ಸು ಹಿಂಜರಿಯುವ ಹೆಸರು ಯಾವುದೋ, ಅದೇ ಆ ದಿನ ಹೋಗಬೇಕಾದ ಮನೆ. ಬಾಗಿಲು ತೆರೆಯದಿದ್ದರೂ ಹೋದವನ ಕಷಾಯ ಅಷ್ಟರಮಟ್ಟಿಗೆ ಕರಗಿರುತ್ತದೆ. ತೆರೆದರೆ, ಆ ಹೊಸ್ತಿಲಲ್ಲಿಯೇ ಸಂಘ ಮತ್ತೆ ಕೂಡುತ್ತದೆ.