ಮಲೆಯ ಗಿಡಗಳೂ ಸೋಲಿಗರ ಹೆಸರುಗಳೂ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಎಕ್ವಡಾರ್ ಮತ್ತು ಪೆರು ದೇಶಗಳ ಸರಹದ್ದಿನ ಪ್ರದೇಶದಲ್ಲಿ ದೊರೆತ ಬದನೆಯ ಕುಲದ ಹೊಸ ಸಸ್ಯವೊಂದಕ್ಕೆ 2012ನೆಯ ಇಸವಿಯಲ್ಲಿ ‘ಸೊಲಾನಮ್ ಬಾರೇಟಿಯೇ’ ಎಂದು ನಾಮಕರಣವಾಯಿತು. ಝಾನ್ ಬಾರೆ ಎಂಬ ಫ್ರೆಂಚ್ ಸ್ತ್ರೀಯ ಸ್ಮರಣಾರ್ಥವಾಗಿ ಇಟ್ಟ ಹೆಸರಿದು. 1766ರಲ್ಲಿ ಪ್ರಾರಂಭವಾದ ಬೂಗನ್ವಿಲ್‌ನ ಭೂಪ್ರದಕ್ಷಿಣೆಯಲ್ಲಿ (ನಮ್ಮ ಅಂಗಳಗಳ ಕಾಗದದ ಹೂವಿನ ಬಳ್ಳಿಗೆ ಪರದೇಶಗಳಲ್ಲಿ ಈತನದೇ ಹೆಸರು) ಈಕೆ ಗಂಡುಡುಪು ತೊಟ್ಟು, ಕಾಮರ್ಸನ್ ಎಂಬ ಸಸ್ಯಜ್ಞನ ಪರಿಚಾರಕನೆಂದು ಹೇಳಿಕೊಂಡು, ಅವನ ಹೊರೆಗಳನ್ನು ಹೊತ್ತು ಬೆಟ್ಟ ಹತ್ತಿ ಗಿಡಗಳನ್ನು ಆಯ್ದು ತಂದಳು. ಕಾಮರ್ಸನ್ನನ ಹೆಸರನ್ನು ಧರಿಸಿದ ಜೀವಜಾತಿಗಳು ಎಪ್ಪತ್ತಕ್ಕೂ ಮಿಗಿಲು. ಹೊರೆ ಹೊತ್ತವಳ ಹೆಸರಿನಲ್ಲಿ ಒಂದು ಗಿಡ ನಿಲ್ಲುವುದಕ್ಕೆ ಇನ್ನೂರ ನಲವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಇಷ್ಟು ದೂರದ ಸಂಗತಿಯನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ, ಹನೂರಿನ ಮಲೆ ಮಹದೇಶ್ವರ ಬೆಟ್ಟದಲ್ಲಾಗಲಿ ಗಿಡ ಹುಡುಕಿ ಹೋದ ಪಂಡಿತನ ಮುಂದೆ ದಾರಿ ಬಿಡಿಸಿಕೊಂಡು ನಡೆಯುವವನು ಸೋಲಿಗನೇ. ಅವನಿಗೆ ಗ್ರಂಥಗಳಲ್ಲಿ ಯಾವ ಸ್ಥಾನ ದೊರೆತಿದೆ ಎಂಬುದೇ ನಮ್ಮ ಪ್ರಶ್ನೆ.

ಬದನೆಯ ಕುಟುಂಬವು ವಾಚಕರಿಗೆ ಅಪರಿಚಿತವಾದುದಲ್ಲ. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ, ಹೊಗೆಸೊಪ್ಪು, ದತ್ತೂರಿ, ಅಶ್ವಗಂಧ, ಗಣಿಕೆ ಸೊಪ್ಪು ಇವೆಲ್ಲ ಅದರ ಬಳಗವೇ. ಜಗತ್ತಿನಲ್ಲಿ ಈ ಕುಟುಂಬದ ಜಾತಿಗಳು ಸುಮಾರು 2,700. ಅವುಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಬದನೆಯ ಸ್ವಂತ ಕುಲವಾದ ಸೊಲಾನಮ್‌ಗೆ ಸೇರಿದವು. ಬದನೆ ನಮ್ಮ ಕಡೆಯದು. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ ಅಮೆರಿಕದಿಂದ ಬಂದವು. ಸೋಜಿಗವೆಂದರೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿದು ನಾವು ಉಣ್ಣುವ, ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಸುಂಡೆಯ ಗಿಡವೂ ಅಮೆರಿಕದ ಕಡೆಯದೇ. 1788ರಲ್ಲಿ ಸ್ವಾರ್ಟ್ಸ್ ಎಂಬ ಪಂಡಿತನು ಅದನ್ನು ಶಾಸ್ತ್ರರೀತ್ಯಾ ವರ್ಣಿಸಿದನು. ನಮ್ಮದೆಂದು ತಿಳಿದುದು ಪರದೇಶದ್ದಾಗಿರುವಾಗ, ಬೆಟ್ಟದಲ್ಲಿ ಕಂಡ ಯಾವ ಪೊದೆ ಹೊಸದು, ಯಾವುದು ಹಳೆಯದು, ಯಾವುದು ವಲಸೆ ಬಂದದ್ದು ಎಂಬುದನ್ನು ತಿಳಿಯುವ ಕಾರ್ಯವು ಸುಲಭವಲ್ಲ.

ಗಿಡವನ್ನು ವರ್ಣಿಸುವುದೆಂದರೆ ಎಲೆ ಹಸುರು, ಹೂವು ನೇರಿಳೆ ಎಂದು ಬರೆಯುವುದಲ್ಲ. ಎಲೆಯ ಮೇಲಿನ ರೋಮವು ಒಂಟಿಯೋ, ನಕ್ಷತ್ರದಂತೆ ಕವಲೊಡೆದುದೋ. ಮುಳ್ಳು ನೆಟ್ಟಗಿದೆಯೋ, ಬಾಗಿದೆಯೋ. ಕಾಯಿಗೆ ಅಂಟಿದ ತೊಟ್ಟಿನ ಬಟ್ಟಲು ಬೆಳೆಯುತ್ತದೆಯೋ ಇಲ್ಲವೋ, ಇದಿಷ್ಟನ್ನೂ ನೋಡಬೇಕು. ಈ ಕುಲದಲ್ಲಿ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಹೊರಬರುವುದು. ದುಂಬಿಯು ಹೂವನ್ನು ಹಿಡಿದು ಝೇಂಕರಿಸಿದರೆ ಮಾತ್ರ ಅದು ಉದುರೀತು. ಅನಂತರ ಒಣಗಿಸಿದ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿಟ್ಟು, ಲ್ಯಾಟಿನ್‌ನಲ್ಲೋ ಇಂಗ್ಲಿಷ್‌ನಲ್ಲೋ ಲಕ್ಷಣವನ್ನು ಪ್ರಕಟಿಸಬೇಕು. 2012ಕ್ಕೆ ಮುಂಚೆ ಲ್ಯಾಟಿನ್ನೇ ಕಡ್ಡಾಯವಾಗಿತ್ತು. ಕನ್ನಡಕ್ಕೆ ಅಲ್ಲಿ ಪ್ರವೇಶವಿಲ್ಲ. ಆದರೆ ಮಾದರಿಗೆ ಅಂಟಿಸುವ ಚೀಟಿಯ ಮೇಲೆ ಕನ್ನಡದ ಹೆಸರನ್ನು ಬರೆಯಬಾರದೆಂದು ಯಾರೂ ತಡೆದಿಲ್ಲ.

ದಕ್ಷಿಣ ಭಾರತದ ಬೆಟ್ಟಗಾಡುಗಳ ‘ಸೊಲಾನಮ್ ಪ್ಯೂಬೆಸೆನ್ಸ್’ ಎಂಬ ರೋಮಭರಿತ ಪೊದೆಯನ್ನು 1794ರಲ್ಲಿ ವರ್ಣಿಸಿದವನು ಬರ್ಲಿನ್ ನಗರದ ವಿಲ್ಡೆನೋ. ಆತ ಭಾರತಕ್ಕೆ ಎಂದೂ ಬಂದವನಲ್ಲ. ಇಲ್ಲಿಂದ ಹೋದ ಒಣ ಮಾದರಿಯನ್ನು ನೋಡಿ ಬರೆದನು. ಅವನ ಪಾಂಡಿತ್ಯವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಗಿಡದ ಪಕ್ಕದಲ್ಲೇ ಬಾಳಿದವರು ಅದನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಶಾಸ್ತ್ರವು ಕೇಳಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸಸ್ಯಗಳನ್ನು ಕುರಿತು ಮದ್ರಾಸು ಕ್ರಿಶ್ಚಿಯನ್ ಕಾಲೇಜಿನ ಬಾರ್ನ್ಸ್ ಎಂಬವರು 1944ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದರು. 1967ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪತ್ರಿಕೆಯಲ್ಲಿ ಇನ್ನಷ್ಟು ವಿವರವಾದ ಪಟ್ಟಿ ಬಂದಿತು. ಕುರುಚಲು ಕಾಡಿನಿಂದ ಹಿಡಿದು ಸುಮಾರು 1,800 ಮೀಟರು ಎತ್ತರದ ಕತ್ತರಿ ಬೆಟ್ಟದ ಹುಲ್ಲುಗಾವಲು, ಶೋಲೆಗಳವರೆಗೆ ಹಬ್ಬಿರುವ ಈ ಮಲೆಯು ಪೂರ್ವಘಟ್ಟ ಪಶ್ಚಿಮಘಟ್ಟಗಳಿಗೆ ಸೇತುವೆಯಂತಿದೆ. ಇಲ್ಲಿ ಹುಡುಕಿದ್ದೆಲ್ಲ ಮುಗಿಯಿತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. 2022ರಲ್ಲಿ ಇದೇ ಕಾಡಿನ ಒಂದು ಕಣಜಕ್ಕೆ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಹೊಸ ಕುಲವನ್ನೇ ಸ್ಥಾಪಿಸಿ ಅದಕ್ಕೆ ‘ಸೋಲಿಗ’ ಎಂದು ಹೆಸರಿಟ್ಟರು. ಇದು ಅಭಿನಂದನೀಯ.

ಆದರೆ ಕಾಲವು ನಮಗಾಗಿ ಕಾಯುತ್ತಿಲ್ಲ. ಇದೇ ಮಲೆಯಲ್ಲಿ 1997ರಲ್ಲಿ ಪರೀಕ್ಷಿಸಿದ ನೆಲದ ತುಂಡುಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಕಂಡುಬಂದಿತ್ತು. 2008ಕ್ಕೆ ಅದು 81ಕ್ಕೆ ಏರಿತು. ಹೊಸ ಪೊದೆಯೊಂದು ಎಲ್ಲಿಯಾದರೂ ಉಳಿದಿದ್ದರೆ ಈ ಲಂಟಾನದ ಕೆಳಗೇ ಉಳಿದಿರಬೇಕು. ತಮ್ಮ ‘ತರಗು ಬೆಂಕಿ’ಯನ್ನು, ಎಂದರೆ ಒಣಗಿದ ತರಗನ್ನು ಸಕಾಲದಲ್ಲಿ ಮೆಲ್ಲಗೆ ಸುಡುವ ಪದ್ಧತಿಯನ್ನು, ನಿಲ್ಲಿಸಿದುದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ನೆಲ್ಲಿಯ ಮರವನ್ನು ಹಿಡಿಯುವ ಬಂದಳಿಕೆಯ, ಅವರ ಮಾತಿನ ‘ಉಪ್ಪಿಲು’ವಿನ, ವಿಚಾರದಲ್ಲಿಯೂ ಅವರದು ಇದೇ ವಾದ; 2010ರಲ್ಲಿ ಪ್ರಕಟವಾದ ಒಂದು ಪ್ರಬಂಧವು ಅದನ್ನು ಗಣನೆಗೆ ತೆಗೆದುಕೊಂಡು ಪರಿಶೀಲಿಸಿತು. ಎಲ್ಲ ಪಂಡಿತರೂ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಕೇಳಬೇಕು ಎನ್ನುತ್ತೇವೆ.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಪಂಚಾಯತಿಯಲ್ಲಿಯೂ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ವನವಾಸಿಗಳ ಸಾಂಪ್ರದಾಯಿಕ ಜ್ಞಾನವನ್ನು ಅವರ ಹಕ್ಕೆಂದೇ ಒಪ್ಪಿದೆ. ಆದರೆ ಹಸಿರು ನ್ಯಾಯಪೀಠವು 2020ರ ಜನವರಿ 31ರ ಗಡುವನ್ನೂ ದಂಡವನ್ನೂ ವಿಧಿಸಿದ ಮೇಲೆ ದೇಶದಲ್ಲೆಲ್ಲ ಈ ದಾಖಲೆಗಳನ್ನು ತುಂಬಿಸಿದ ಆತುರವನ್ನು ಅಧಿಕಾರಿಗಳಾದ ನಮ್ಮ ವಾಚಕರು ಬಲ್ಲರು. ಗಡುವಿಗೆ ಹೆದರಿ ಬರೆದ ಪುಸ್ತಕದಲ್ಲಿ ಬೇವು, ಹುಣಸೆ ಸಿಕ್ಕಾವು; ಬೆಟ್ಟದ ಕಣಿವೆಯ ಪೊದೆ ಸಿಕ್ಕದು.

ಆದುದರಿಂದ ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರು ತಮ್ಮ ತಾಲ್ಲೂಕಿನ ಬದನೆಯ ಕುಟುಂಬವೊಂದನ್ನಾದರೂ ಆಯ್ದುಕೊಂಡು, ಪೋಡುಗಳ ಹಿರಿಯರನ್ನು ತಕ್ಕ ಸಂಭಾವನೆಯೊಡನೆ ಜೊತೆಗೆ ಕರೆದುಕೊಂಡು, ಈ ದಾಖಲೆಗಳನ್ನು ಮರಳಿ ತಿದ್ದಬೇಕು. ಸಂಗ್ರಹಿಸಿದ ಪ್ರತಿಯೊಂದು ಮಾದರಿಯ ಚೀಟಿಯ ಮೇಲೂ ಸೋಲಿಗರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ಗಿಡ ತೋರಿಸಿದವನು ಒಪ್ಪಿದರೆ ಅವನ ಹೆಸರನ್ನೂ ಸೇರಿಸಬೇಕು. ಹುಲಿ ಮೀಸಲು ಕಾಡಿನಲ್ಲಿ ಒಂದು ಕೊಂಬೆ ಮುರಿಯಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಬೇಕಾದುದೇ ಸರಿ. ಆದರೆ ಅಪ್ಪಣೆಯ ಕಾಗದವು ಹೂವಿನ ಕಾಲ ಕಳೆದ ಮೇಲೆ ಕೈಸೇರಿದರೆ ಅಧ್ಯಾಪಕನು ಬರಿಯ ಕಡ್ಡಿಯನ್ನು ನೋಡಿ ಬರಬೇಕಾದೀತು. ಮುಂದಿನ ಮುಂಗಾರಿಗೆ ಮೊದಲೇ ಅರ್ಜಿಗಳನ್ನು ಕರೆದು, ಮಳೆ ಬೀಳುವುದರೊಳಗೆ ಉತ್ತರ ಕೊಡುವ ಏರ್ಪಾಡನ್ನು ಇಲಾಖೆಯವರು ಈಗಲೇ ಮಾಡಬೇಕೆಂದು ಕೋರುತ್ತೇವೆ.